ಸೆರಗಿನ ಬೆನ್ನ ಹತ್ತಿದ ಕಾಕಾ

ನಮ್ಮ ಕಾಕಾ ಮಂದಿ ಹೆಂಗಸರ ಬೆನ್ನ ಹತ್ತತಾನ್ರಿ. ಮುಚ್ಚಿಡೂದು ಏನೈತಿ? ಅರವತ್ತನಾಲ್ಕರ ವಯಸ್ಸಿನ್ಯಾಗ, ಹಾಡಹಗಲ, ಹಣಿ ತುಂಬ ವಿಭೂತಿ ಹಚ್ಚಿಕೊಂಡು, ಸ್ಕೂಟರಿನ ಹಾರ್ನ್ ಹೊಡಕೊಂತ ಹೋಗ್ತಾನ. ಇನ್ನೂ ನಾಚಿಕಿ ಮಾತಂದ್ರ, ಹಿಂದಿನ ಸೀಟಿನ್ಯಾಗ ಅಣ್ಣನ ಮಗಳು ನಾನ ಕೂತಿರ್ತೀನಿ. ಕಾಕಿಗೂ ಗೊತ್ತಿಲ್ಲದ್ದೇನಲ್ಲ. ನಾವು ಮನಿ ಮುಟ್ಟಿದ ಕೂಡ್ಲೆ ಎಡಗಾಲು ಎಳಕೊಂತ ಚಹಾ ತಂದು, "ಇವತ್ತ ಎಷ್ಟು ಮಂದಿ ಸಿಕ್ಕರು?" ಅಂತ ಆಕಿನ ಕೇಳ್ತಾಳ.

ತಪ್ಪು ತಿಳೀಬ್ಯಾಡ್ರಿ. ಕಾಕಾನ ಕಣ್ಣು ಹೆಂಗಸರ ಮ್ಯಾಲ ಅಲ್ಲ, ಅವರ ಸೆರಗಿನ ಮ್ಯಾಲ. ಅಯ್ಯ, ಇದು ಇನ್ನೂ ಕೆಟ್ಟ ಕೇಳತೈತಿ! ಬಿಡಿಸಿ ಹೇಳ್ತೀನಿ. ಬೈಕಿನ ಹಿಂದ ಕೂತವರ ಸೆರಗೋ ದುಪಟ್ಟಾನೋ ಜಾರಿ ಚಕ್ರದ ಹತ್ರ ಜೋತಾಡಾಕತ್ತಿತ್ತು ಅಂದ್ರ, ಅದನ್ನ ಅವರಿಗೆ ಹೇಳೂತನಕ ಕಾಕಾಗ ಜೀವ ತಡಿಯಂಗಿಲ್ಲ. ಸೈಡ್ ಸ್ಟ್ಯಾಂಡ್ ಎತ್ತದ ಹೊಂಟವರು, ಬೆನ್ನಿನ ಚೀಲದ ಜಿಪ್ ತಗದು ಹೊಂಟವರು, ಎಲ್ಲಾರೂ ಕಾಕಾನ ಬಳಗನ. ಹಗಲಿನ್ಯಾಗ ಹೆಡ್‌ಲೈಟ್ ಹಚ್ಚಿಕೊಂಡು ಬಂದವರಿಗೂ ಕೈಬೆರಳು ಮಿಣಕಿಸಿ ತೋರಸ್ತಿದ್ದ. ಈಗಿನ ಬೈಕಿಗೆ ಲೈಟು ತಾನ ಹತ್ತಿರತೈತಿ ಕಾಕಾ ಅಂತ ತಿಳಿಸಿ ಹೇಳೂದರಾಗ ನನಗ ಒಂದು ವರ್ಷ ಹೋತು.

ಕೂಗೂದಕ್ಕೂ ಒಂದು ಪದ್ಧತಿ ಐತಿ. ಮೊದಲ ಮೂರು ಸಲ ಹಾರ್ನ್. ಆಮ್ಯಾಲ ತೆಲುಗಿನ್ಯಾಗ, "ಅಮ್ಮಾ, ಚುನ್ನೀ ಚೂಸ್ಕೋ," ಅಂದ್ರ ನಿನ್ನ ದುಪಟ್ಟಾ ನೋಡಿಕೋ ಅಂತ. ತಿರುಗಿ ನೋಡಲಿಲ್ಲ ಅಂದ್ರ ಹಿಂದಿಯಾಗ, "ಬೇಟೀ, ದುಪಟ್ಟಾ ಸಂಭಾಲೋ." ಅದಕ್ಕೂ ಬಗ್ಗಲಿಲ್ಲ ಅಂದ್ರ ಶುದ್ಧ ರಾಯಚೂರು ಕಡೆ ಕನ್ನಡ ಬೈಗಳ. ಹೈದರಾಬಾದಿನ್ಯಾಗ ಯಾವ ಭಾಷಾ ತಿಳೀಲಿಕ್ಕಂದ್ರೂ ಈ ಬೈಗಳ ಮಾತ್ರ ಎಲ್ಲಾರಿಗೂ ತಿಳೀತಾವ ನೋಡ್ರಿ.

ಸುಮ್ಮನ ಹೊಂಟಾಗ ಕಾಕಾನ ಸ್ಕೂಟರ್ ಮೂವತ್ತು ದಾಟಂಗಿಲ್ಲ. ತರಕಾರಿ ಮಾರವನ ಸೈಕಲ್ ನಮ್ಮನ್ನ ಹಿಂದ ಹಾಕಿ ಹೋಗತೈತಿ. ಒಂದು ಸೆರಗು ಕಂಡರ ಸಾಕು, ಅರವತ್ತು! ಒಂದಿನ ಕುಷಾಯಿಗೂಡದ ನಮ್ಮ ಓಣಿ ತುದಿಗೆ ಕೊತ್ತಂಬರಿ ತರಾಕ ಅಂತ ಹೊಂಟಿವಿ. ಮುಂದ ಹೊಸದಾಗಿ ಮದುವ್ಯಾದ ಗಂಡ ಹೆಂಡ್ತಿ ಬೈಕಿನ ಮ್ಯಾಲ, ಆಕಿ ದುಪಟ್ಟಾ ಚಕ್ರದ ಮಗ್ಗಲಾಗ. ಕಾಕಾ ಹಾರ್ನ್ ಹೊಡದ. ಯಾವನೋ ಮುದುಕ ತನ್ನ ಹೆಂಡ್ತಿ ಹಿಂದ ಬಿದ್ದಾನ ಅಂತ ಸಿಟ್ಟಿಗೆದ್ದು ಆ ಹುಡುಗ ಬೈಕು ಜೋರ ಹೊಡದ. ಅಂವ ಜೋರ ಹೊಡದಷ್ಟೂ ಕಾಕಾನೂ ಜೋರ. ಕಡೀಕ ಅಂವ ಸಿಕ್ಕಿದ್ದು ಎಲ್ಲಿ ಅಂತೀರಿ? ಹದಿನೈದು ಕಿಲೋಮೀಟರ್ ಆಚೆ, ಬೇಗಂ ಬಜಾರಿನ ಗದ್ದಲದಾಗ!

"ಕ್ಯಾ ಹೋನಾ ಚಾಚಾ? ಘರ್ ಮೆ ಕೋಯಿ ಔರತ್ ನೈಂ ಕ್ಯಾ?" ನಿಮ್ಮ ಮನ್ಯಾಗ ಹೆಂಗಸರಿಲ್ಲೇನು ಅಂತ ತೋಳು ಏರಿಸಿದ.

"ಹೈ ನಾ. ಪೀಛೇ ಬೈಠೀ ಹೈ," ಅಂತ ಕಾಕಾ ಹಿಂದ ಕೂತ ನನ್ನ ತೋರಿಸಿ, ಆಮ್ಯಾಲ ಆ ದುಪಟ್ಟಾ ತೋರಿಸಿದ. ಚೈನಿಗೆ ನಾಲ್ಕು ಬೆರಳು ದೂರಿತ್ತು. ಹುಡುಗನ ಮಾರಿ ಇಳೀತು. ಹೆಂಡ್ತಿ ದುಪಟ್ಟಾ ತಾನ ಎತ್ತಿಕೊಟ್ಟು, ಬೈಕು ಹತ್ತಿ ಹೋದ. ನಾವು ಇಷ್ಟು ದೂರ ಬಂದೀವಲ್ಲ ಅಂತ ಎರಡು ಕಿಲೋ ಅರಿಶಿಣ ತಗೊಂಡು ಹೊಳ್ಳಿದಿವಿ. ಕೊತ್ತಂಬರಿ ಮರತಿದ್ದಿವಿ.

"ಕಾಕಾ, ಇಷ್ಟ ವರ್ಷದಾಗ ಒಬ್ಬರರ ನಿನಗ ಥ್ಯಾಂಕ್ಸ್ ಅಂದಾರೇನು?" ಅಂತ ದಾರ್ಯಾಗ ಚುಚ್ಚಿದೆ.

"ಅವರಿಗೆ ಪುರಸತ್ತು ಎಲ್ಲಿರತೈತೆವಾ? ಒಂದು ಕೈಯಾಗ ಸೀಟು ಹಿಡೀಬೇಕು, ಒಂದು ಕೈಯಾಗ ಸೆರಗು ಸುತ್ತಬೇಕು," ಅಂದ. ಸ್ಕೂಟರ್ ಮತ್ತ ಮೂವತ್ತಕ್ಕ ಇಳಿಸಿ, "ಆ ಹುಡುಗ ಜೋರ ಹೊಡದಿದ್ದು ತಪ್ಪಲ್ಲ. ನಾನಾಗಿದ್ರೂ ಹಂಗ ಹೊಡೀತಿದ್ದೆ," ಅಂದ. ಅದರಾಗ ಏನೋ ಐತಿ ಅಂತ ನನಗ ಅವತ್ತ ಹೊಳೀಲಿಲ್ಲ.

ನಾ ಬಿ.ಎಡ್. ಮುಗಿಸಿ ಕಾಕಾನ ಮನಿಗೆ ಬಂದಿದ್ದು ಸಾಲಿ ಟೀಚರ್ ಕೆಲಸ ಹುಡುಕಾಕ. ಮೊದಲನೇ ಇಂಟರ್‌ವ್ಯೂಗೆ ಕಾಕಾನ ಸ್ಕೂಟರ್ ಮ್ಯಾಲ ಹೊಂಟಾಗ ಒಬ್ಬಾಕಿ ಕೂಸಿನ ಬೂಟು ಆಟೋದಿಂದ ಬಿತ್ತು. ಆ ಬೂಟು ಕೂಸಿನ ಕಾಲಿಗೆ ಮುಟ್ಟೂದರಾಗ ನನ್ನ ಕೆಲಸ ಮತ್ತೊಬ್ಬಾಕಿಗೆ ಮುಟ್ಟಿತ್ತು. ಎರಡನೇದು ಜೀಡಿಮೆಟ್ಲಾ ಕಡೆ ಒಂದು ಸಾಲಿಯಾಗ. "ಇದೂ ಹೋತಂದ್ರ ಗಂಟು ಕಟ್ಟಿಕೊಂಡು ಊರಿಗೆ ಬಾ," ಅಂತ ಅಪ್ಪ ಫೋನಿನ್ಯಾಗ ಹೇಳಿಬಿಟ್ಟಿದ್ದ. ನನಗ ಈ ಊರು ಬಿಡೂ ಮನಸ್ಸು ಸುತಾರಾಂ ಇರಲಿಲ್ಲ.

ಅದಕ್ಕ ಅವತ್ತ ಮುಂಜಾನೆ ದೇವರ ಮುಂದ ಕಾಕಾನ್ನ ನಿಲ್ಲಿಸಿ, ಕಾಕಿ ಮ್ಯಾಲ ಆಣಿ ಮಾಡಿಸಿಕೊಂಡೆ. "ಇವತ್ತ ನಾ ಯಾರ ಸೆರಗೂ ನೋಡಂಗಿಲ್ಲ," ಅಂತ ಕಾಕಾ ಕೈಮುಗಿದು ಹೇಳಿದ.

"ಅಂತೂ ಬುದ್ಧಿ ಬಂತಪಾ," ಅಂತ ಕಾಕಿ ಅಡಗಿಮನಿಯಿಂದ ಅಂದಳು. ನೌಕರಿ ಸಿಗತೈತಿ ಅಂತ ಆಗಲೇ ಬಾಯಿ ಸಿಹಿ ಮಾಡಾಕ ಸಜ್ಜಕ ತಿರುವಾಕತ್ತಿದ್ಲು.

ಹತ್ತಕ್ಕ ಅಲ್ಲಿರಬೇಕು. ಒಂಬತ್ತು ನಲವತ್ತಕ್ಕ ನಾವು ಜೀಡಿಮೆಟ್ಲಾ ರೋಡಿನ್ಯಾಗ ಇದ್ದಿವಿ. ಕಾಕಾ ಮೂವತ್ತು ವರ್ಷ ಫ್ಯಾಕ್ಟರಿಗೆ ಓಡಾಡಿದ ರೋಡು ಅದು. ಮುಂದ ಒಂದು ಬೈಕು ಬಂತು. ಹಿಂದ ಹಳದಿ ಸೀರಿಯಾಕಿ, ಮಡಿಲಾಗ ಊಟದ ಡಬ್ಬಿ, ಸೆರಗು ಗಾಳಿಗೆ ಚಕ್ರದ ಕಡೆ ಹೋಗಿ ಬಂದು ಮಾಡಾಕತ್ತಿತ್ತು. ಕಾಕಾ ನೋಡಿದ. ನೋಡಿ ಮಾರಿ ತಿರುವಿಕೊಂಡ. ಹಾರ್ನ್ ಇಲ್ಲ, ಮಾತಿಲ್ಲ. ಶಭಾಶ್ ಅಂತ ಅನ್ನಬೇಕಂದ್ರ, ಕನ್ನಡಿಯಾಗ ಕಾಕಾನ ಕಣ್ಣು ಕಂಡವು. ಒದ್ದಿ ಆಗಿದ್ವು.

"ಯಾಕ ಕಾಕಾ?"

"ಏನಿಲ್ಲ, ಗಾಳಿ," ಅಂದ. ಆಮ್ಯಾಲ ಸಣ್ಣ ದನಿಲೆ, "ನಿಮ್ಮ ಕಾಕಿ ಸೆರಗು ಸಿಕ್ಕಾಕಿಕೊಂಡಿದ್ದೂ ಇದ ರೋಡಿನ್ಯಾಗವಾ. ಮದುವ್ಯಾಗಿ ಆರು ತಿಂಗಳಾಗಿತ್ತು. ಹಿಂದ ಒಬ್ಬ ಹಾರ್ನ್ ಹೊಡಕೊಂತ, ಕೂಗಿಕೊಂತ ಬಂದ. ನನ್ನ ಹೆಂಡ್ತಿನ್ನ ಚುಡಾಯಿಸಾಕತ್ತಾನ ಅಂತ ನಾ ಜೋರ ಹೊಡದೆ."

ಕಾಕಿ ಎಡಗಾಲು ಹುಟ್ಟಿನಿಂದ ಹಂಗ ಅಂತ ನಾ ತಿಳಕೊಂಡಿದ್ದೆ. ಮುಂದ ರೋಡು ಎರಡಾಗಿ ಒಡೀತಿತ್ತು. ಎಡಕ್ಕ ನನ್ನ ಸಾಲಿ, ಬಲಕ್ಕ ಆ ಬೈಕು. ಕಾಕಾ ಎಡಗಡೆ ಇಂಡಿಕೇಟರ್ ಹಾಕಿದ.

ಆಣಿ ಮಾಡಿದಾಂವ ಕಾಕಾ, ನಾ ಅಲ್ಲಲಾ. "ಅಮ್ಮಾ, ಚುನ್ನೀ ಚೂಸ್ಕೋ!" ಅಂತ ಸೀರಿಯಾಕಿಗೆ ಒದರಿದೆ. ಗಂಡ ತಿರುಗಿ ನೋಡಿ ಜೋರ ಹೊಡದ.

"ಕಾಕಾ, ಬಲಕ್ಕ. ಹೊಡಿ," ಅಂದೆ.

ಎರಡು ಸಿಗ್ನಲ್ ದಾಟಿ ಮೂರನೇದಕ್ಕ ಸಿಕ್ಕರು. ಆಕಿ ಸೆರಗು ಎಳಕೊಂಡು ನೋಡಿದಳು. ಅಂಚಿಗೆ ಚೈನಿನ ಕರಿ ಮೆತ್ತಿತ್ತು. ಅಷ್ಟರಾಗ ಹಸರ ಲೈಟು ಹತ್ತಿತು, ಹೋದರು. ಥ್ಯಾಂಕ್ಸ್ ಇವತ್ತೂ ಬರಲಿಲ್ಲ.

ಸಾಲಿ ಮುಟ್ಟಿದಾಗ ಹತ್ತೂವರಿ ದಾಟಿತ್ತು. ಹೆಡ್‌ಮಾಸ್ತರು ನನ್ನ ಕಥಿ ಪೂರಾ ಕೇಳಿ, "ನಮಗ ಟೈಮಿಗೆ ಬರೂ ಮಂದಿ ಬೇಕು," ಅಂದರು. ಅವರದೂ ತಪ್ಪಲ್ಲ. ಹೊಳ್ಳಿ ಬರೂ ದಾರ್ಯಾಗ ಒಬ್ಬನ ಸ್ಟ್ಯಾಂಡ್ ಇಳಿದಿತ್ತು. ಆಣಿ ನೆನಪಾಗಿ ಕಾಕಾ ಹಾರ್ನ್ ಮ್ಯಾಲಿನ ಬೆರಳು ತಗದ. ನಾನ ಕೂಗಿದೆ.

ಕಾಕಿ ಸಜ್ಜಕದ ತಾಟು ಹಿಡಕೊಂಡು ಬಾಗಿಲಾಗ ನಿಂತಿದ್ಲು. ನಾ ಎಲ್ಲಾ ಹೇಳಿದೆ. ನೌಕರಿ ಸುದ್ದಿ ಆಕಿ ಕೇಳಲೇ ಇಲ್ಲ. "ಆ ಹುಡುಗಿ ನೆಟ್ಟಗ ನಡಕೊಂತ ಮನಿಗೆ ಹೋದಳಲ್ಲ?" ಅಂತ ಅಷ್ಟ ಕೇಳಿದಳು.

"ಹೋಗಿರ್ತಾಳ, ಕಾಕಿ."

ತಾಟು ನನ್ನ ಕೈಯಾಗಿಟ್ಟು, ಕಾಲು ಎಳಕೊಂತ ಹೋಗಿ ಅಪ್ಪಗ ಫೋನ್ ಹಚ್ಚಿದಳು. "ಭಾವಾರ, ಹುಡುಗಿನ್ನ ಊರಿಗೆ ಕಳಸಂಗಿಲ್ರಿ. ಆಕಿಗೆ ಇಲ್ಲಿ ಕೆಲಸ ಸಿಕ್ಕೈತಿ."

ಆ ಕಡಿಂದ ಅಪ್ಪ ಏನು ಕೆಲಸ ಅಂತ ಕೇಳಿರಬೇಕು. ಕಾಕಿ ಒಂದು ಸಲ ಕಾಕಾನ ಕಡೆ ನೋಡಿದಳು.

"ಇವರ ಹಿಂದ ಕೂತು ಕೂಗೂದ್ರಿ. ಇವರ ದನಿ ಈಗ ಮೊದಲಿನಂಗ ದೂರ ಮುಟ್ಟಂಗಿಲ್ಲ."