ಮಗಳ ಆಟಿಸಂಗೆ ನಾನೇ ಕಾರಣವಂತೆ

ತೆಕ್ಕಟ್ಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಮೂಲೆಯಲ್ಲಿ ಕೂತು ಗುಂಡಿಗಳನ್ನು ಬಣ್ಣ ನೋಡಿ ಸಾಲಾಗಿ ಜೋಡಿಸುವವಳು ನನ್ನ ಮಗಳು. ಅವಳಿಗೆ ಆಟಿಸಂ. ಅದಕ್ಕೆ ಕಾರಣ ಏನೆಂದು ದೊಡ್ಡ ದೊಡ್ಡ ಡಾಕ್ಟರುಗಳೇ ಇನ್ನೂ ಹುಡುಕುತ್ತಿದ್ದಾರಂತೆ. ಪಾಪ, ಅವರೊಮ್ಮೆ ನನ್ನ ಅಂಗಡಿಗೆ ಬರಬೇಕಿತ್ತು. ಇಲ್ಲಿ ಪ್ರತಿಯೊಬ್ಬರೂ ರವಿಕೆ ಬಟ್ಟೆಯ ಜೊತೆಗೆ ಒಂದೊಂದು ಕಾರಣವನ್ನೂ ಕೊಟ್ಟು ಹೋಗುತ್ತಾರೆ. ಕೊನೆಗೆ ಎಲ್ಲ ಕಾರಣವೂ ನನ್ನ ಅಳತೆಗೇ ಸರಿಹೊಂದುತ್ತದೆ.

ಕತ್ತರಿ

ನಮ್ಮ ಹಳೆಯ ಗಿರಾಕಿಯೊಬ್ಬರು, ನಿವೃತ್ತ ಟೀಚರು. ತೋಳಿನ ಅಳತೆ ಕೊಡುತ್ತಲೇ, ಬಸುರಿಯಾಗಿದ್ದಾಗ ಗ್ರಹಣದ ದಿನ ಕತ್ತರಿ ಹಿಡಿದಿದ್ದೆಯಾ ಎಂದು ವಿಚಾರಿಸಿದರು. ಹಿಡಿದಿದ್ದೆ ಅಂದೆ. ಅವರ ಮುಖದಲ್ಲಿ ಕಳ್ಳಿಯನ್ನು ಹಿಡಿದ ಸಂತೋಷ. ಬುದ್ಧಿ ಬೇಡವಾ, ಅಂಥ ಅರ್ಜೆಂಟ್ ಕೆಲಸ ಯಾರದಿತ್ತು ಎಂದು ಗದರಿದರು.

"ನಿಮ್ದೇ ಟೀಚರೇ. ಮರುದಿನ ಬಸ್ರೂರಂಗೆ ಮದಿ ಇತ್ತಲ್ದಾ, ಕೂತ್ಕಂಡೇ ಹೊಲಿಸ್ಕಂಡ್ ಹೋಯ್ದ್ರಿ."

ಆ ಮದುವೆಯ ರವಿಕೆ ನೆನಪಾದ ಮೇಲೆ ಅವರು ತೋಳು ಮಡಚಿಕೊಂಡು, ಈಗಿನ ಗ್ರಹಣಗಳಿಗೆ ಮೊದಲಿನಷ್ಟು ಶಕ್ತಿ ಇಲ್ಲ ಅಂದರು.

ಮೊಬೈಲು

ಮುಂಬೈಯಲ್ಲಿ ಹೋಟೆಲಿರುವ ನನ್ನ ಭಾವ ಊರಿಗೆ ಬಂದವರೇ, ಇದೆಲ್ಲ ಮಕ್ಕಳಿಗೆ ಮೊಬೈಲು ಕೊಟ್ಟದ್ದರಿಂದ ಬರುವುದು ಅಂದರು. ನಂಬಿಸಲಿಕ್ಕೆ ತಮ್ಮ ಮೊಬೈಲಿನಲ್ಲಿ ಏಳು ವಿಡಿಯೊ ತೋರಿಸಿದರು. ಆ ಹೊತ್ತಿಗೆ ಅವರ ಮಗ ತಾಯಿಯ ಮೊಬೈಲು ನೋಡುತ್ತ ಬಾಯಿ ತೆರೆದು ತುತ್ತು ಹಾಕಿಸಿಕೊಳ್ಳುತ್ತಿದ್ದ. ನನ್ನ ಮಗಳಿಗೆ ಮೂರು ವರ್ಷ ಆಗುವ ತನಕ ನಮ್ಮ ಮನೆಯಲ್ಲಿ ಇದ್ದದ್ದು ಬರೀ ಬಟನ್ ಫೋನು ಎಂದೆ. ಭಾವ ಎಂಟನೆಯ ವಿಡಿಯೊ ಹುಡುಕುತ್ತಲೇ ಅಂದರು:

"ಹಂಗಾರೆ ಬಟನ್ ಫೋನಿಂದ್ಲೇ ಬಂದದ್ದ್."

ಯಾರ ಬದಿ

ನಗುತ್ತ ಹೇಳುತ್ತಿದ್ದೇನೆ, ಆದರೆ ಎರಡು ವರ್ಷ ನಾನೂ ಹೊಲಿಗೆ ಹಾಕುತ್ತಲೇ ನನ್ನ ತಪ್ಪು ಹುಡುಕಿದವಳು. ಒಳಗೊಳಗೇ ಎಲ್ಲವನ್ನೂ ನಂಬಿದ್ದೆ. ಹಾಗಾಗಿ ಡಾಕ್ಟರು, ಇದಕ್ಕೆ ಒಂದೇ ಕಾರಣ ಅಂತಿಲ್ಲ, ವಂಶದ ಪಾಲು ದೊಡ್ಡದು, ತಾಯಿಯ ತಪ್ಪಂತೂ ಅಲ್ಲ ಎಂದಾಗ ನನಗೆ ಅಳು ಬಂತು.

ಜೊತೆಗೆ ಬಂದಿದ್ದ ಅತ್ತೆಗೆ ಕೇಳಿಸಿದ್ದು ವಂಶ ಒಂದೇ. ನಮ್ಮ ಬದಿಯಲ್ಲಿ ಇಂಥವರು ಯಾರೂ ಇಲ್ಲ ಎಂದು ನನ್ನ ಕಡೆ ನೋಡಿದರು. ಮಗುವಿಗೆ ಇನ್ನೂ ಮಾತು ಬಂದಿಲ್ಲವಲ್ಲ, ಅವಳ ಅಪ್ಪ ಎಷ್ಟನೇ ವಯಸ್ಸಿಗೆ ಮಾತಾಡಿದರು ಎಂದು ಡಾಕ್ಟರು ಕೇಳಿದರು. ಪಕ್ಕದಲ್ಲೇ ಕೂತಿದ್ದ ನನ್ನ ಗಂಡ ಎಂದಿನಂತೆ ಉತ್ತರಕ್ಕೆ ತಾಯಿಯ ಮುಖ ನೋಡಿದರು.

"ಅವ ಐದ್ ವರ್ಷಕ್ ಮಾತಾಡ್ದ. ಅದ್ ಗುಣ, ವಂಶ ಅಲ್ಲ" ಅಂದರು ಅತ್ತೆ.

ಬಜೆ

ಮನೆಗೆ ಬಂದ ಮೇಲೆ ಅತ್ತೆ ಕಡೆಯ ಕಾರಣ ಹುಡುಕಿದರು: ಬಾಣಂತನದಲ್ಲಿ ನಾನು ಮಾತು ಬರಲೆಂದು ಮಗುವಿನ ನಾಲಿಗೆಗೆ ಬಜೆ ತೇಯ್ದು ಹಚ್ಚಲಿಲ್ಲ. ಡಾಕ್ಟರು ಬೇಡ ಎಂದರೂ ಕೇಳದೆ, ದಿನಾ ಬೆಳಿಗ್ಗೆ ಆ ಕಹಿ ಬೇರು ತೇಯ್ದು ಅವಳ ಬಾಯಿಗೆ ಹಿಡಿದರು. ನಾನು ಅಲ್ಲೇ ಇದ್ದೆ. ತಪ್ಪು ಮಾಡಿದವಳಲ್ಲವೇ, ಸುಮ್ಮನಿದ್ದೆ.

ಹತ್ತನೆಯ ದಿನ ಮಗಳು ಅಜ್ಜಿಯ ಕೈ ತಡೆದು ಹಿಡಿದು, ನನ್ನ ಕಡೆ ತಿರುಗಿ, ಹುಟ್ಟಿದಾಗಿನಿಂದ ಮೊದಲ ಮಾತು ಆಡಿದಳು.

"ಬ್ಯಾಡ."

ಅತ್ತೆ ಅಂಗಳಕ್ಕೆ ಓಡಿ, ಹ್ವಾಯ್ ಎಂದು ನೆರೆಮನೆಯವರನ್ನೆಲ್ಲ ಕರೆದು, ಬಜೆ ಹಿಡಿಯಿತು ಎಂದು ಸಾರಿದರು. ಮರುದಿನ ಎರಡು ಪಾಲು ತೇಯ್ದು ತಂದರು. ಮಗಳು ಎರಡು ಸಲ ಬ್ಯಾಡ ಅಂದಳು. ಅತ್ತೆ ಹಿಗ್ಗಿ ಹೋಗಿ ಮೂರನೆಯ ಪಾಲು ತೇಯಲು ಕೂತರು.

ನಾನು ಹೋಗಿ ಕಲ್ಲಿನ ಮೇಲಿದ್ದ ಬಜೆ ಕಿತ್ತುಕೊಂಡು ಬಾವಿಕಟ್ಟೆಯ ಆಚೆ ಎಸೆದೆ.

"ಬ್ಯಾಡ" ಅಂದೆ.

ಮದುವೆಯಾದ ಎಂಟು ವರ್ಷದಲ್ಲಿ ನಾನು ಅತ್ತೆಗೆ ಎದುರಾಡಿದ್ದು ಅದೇ ಮೊದಲು. ಈಗ ಅಂಗಡಿಯಲ್ಲಿ ಯಾರಾದರೂ ಕಾರಣ ಹೇಳಲು ಬಾಯಿ ತೆರೆದರೂ ನನ್ನದು ಅದೇ ಮಾತು. ಈ ಸೊಸೆಗೆ ಮಾತು ಯಾರ ಬದಿಯಿಂದ ಬಂತು ಎಂದು ಅತ್ತೆ ಊರೆಲ್ಲ ಕೇಳುತ್ತಿದ್ದಾರಂತೆ.

ನಿಮ್ಮ ಮೊಮ್ಮಗಳ ಬದಿಯಿಂದ ಅಂತ ಯಾರಾದರೂ ಹೇಳಿಬಿಡಿ.