ಸಿಂಹ ಮಾರುವ ಕೌಂಟರ್

ಕೆಲವರ ಹಣೆಬರಹವೇ ಹಾಗೆ, ಊರಿಗೆಲ್ಲ ಬಡಿಸಿ ತಾವು ಎಲೆ ಎತ್ತುವುದು. ನನ್ನದೂ ಅದೇ ಆದ್ದರಿಂದ ಇಂಥವು ನನಗೆ ಆಗುತ್ತಲೇ ಇರುತ್ತವೆ. ಹನ್ನೊಂದು ವರ್ಷದಿಂದ ಕುವೈತಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಕೂತು ಕೀನ್ಯಾದ ಸಫಾರಿ ಮಾರುತ್ತಿದ್ದೇನೆ. ಸಿಂಹ, ಆನೆ, ಚಿರತೆ, ಕಾಡೆಮ್ಮೆ, ಘೇಂಡಾಮೃಗ, ಈ ಐದು ದೊಡ್ಡ ಪ್ರಾಣಿಗಳ ದಿನಚರಿ ನನಗೆ ಬಾಯಿಪಾಠ. ಕಂಡದ್ದು ಮಾತ್ರ ಬ್ರೋಷರಿನಲ್ಲಿ.

ಚಿರತೆಯ ರಜೆ

ಇಲ್ಲೇ ಜಾಬ್ರಿಯಾ ಬಡಾವಣೆಯ ಡಾಕ್ಟರೊಬ್ಬರು ಸಫಾರಿ ಮುಗಿಸಿ ಬಂದವರೇ ಬ್ರೋಷರನ್ನು ಮೇಜಿಗೆ ಬಡಿದರು.

“ಐದು ಅಂತ ಬರ್ದಿದ್ದೀರಿ. ನಾನು ಕಂಡದ್ದು ನಾಲ್ಕು. ಚಿರತೆ ಎಲ್ಲಿ?”

“ಅದು ಕಾಡುಪ್ರಾಣಿ ಸರ್, ಮನಸ್ಸಿದ್ರೆ ಬರ್ತದೆ.”

“ಆಪರೇಷನ್ ಟೈಮಿಗೆ ನಾನು ಹಾಗೆ ಹೇಳಿದ್ರೆ ಆಗ್ತದಾ?”

ನಮ್ಮ ಮ್ಯಾನೇಜರ್ ಉಡುಪಿ ಕಡೆಯವರು, ಗಿರಾಕಿಯೇ ದೇವರು ಅನ್ನುವವರು. “ಒಂದು ಕ್ಷಮಾಪಣೆ ಬರ್ದು ಕೊಡು ಮಾರಾಯ” ಅಂದರು. ಚಿರತೆಯ ಗೈರುಹಾಜರಿಗಾಗಿ ವಿಷಾದಿಸುತ್ತೇವೆ ಎಂದು ಬರೆದು ಸಹಿ ಹಾಕಿದೆ. ಕಳೆದ ವರ್ಷ ಜ್ವರ ಬಂದು ನಾನು ಒಂದು ದಿನ ಮಲಗಿದ್ದಕ್ಕೆ ಇದೇ ಮ್ಯಾನೇಜರ್ ಡಾಕ್ಟರ ಚೀಟಿ ಕೇಳಿದ್ದರು. ಚಿರತೆಯ ಹತ್ತಿರ ಯಾರೂ ಕೇಳಲಿಲ್ಲ.

ಒಣಮೀನು

ನಮ್ಮ ಚರ್ಚಿಗೆ ಬರುವ ಮಂಗಳೂರಿನ ನರ್ಸ್ ಒಬ್ಬರು, ನಾವು ಮರ್ಯಾದೆಗೆ ‘ಬಾಯಿ’ ಅನ್ನುವವರು, ಸಫಾರಿ ಬುಕ್ ಮಾಡಲು ಬಂದರು. ಅವರಿಗೆ ಒಂದೇ ಚಿಂತೆ.

“ಒಣಮೀನು ಚಟ್ನಿ ಕಟ್ಟಿಕೊಂಡು ಹೋದ್ರೆ ಸಿಂಹಕ್ಕೆ ವಾಸನೆ ಹೊಡೀತದಾ?”

“ಹೊಡೀತದೆ ಬಾಯಿ.”

“ಹಾಗಾದ್ರೆ ಬೇಡ. ಆಸೆ ತೋರಿಸಿ ಕೊಡದಿದ್ರೆ ಪಾಪ.”

ಆ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿ ಅನ್ನಬೇಕೆನಿಸಿತು. ಒಳಗಿನ ಕ್ಯಾಬಿನ್ನಿನಲ್ಲಿ ಮ್ಯಾನೇಜರ್ ಇದ್ದರು. “ಬರುವ ವರ್ಷ ಸಫಾರಿಗೆ ನಿನ್ನನ್ನೇ ಕಳಿಸೋದು” ಎಂದು ಆರು ವರ್ಷದಿಂದ ನನಗೆ ಆಸೆ ತೋರಿಸುತ್ತಿದ್ದವರು ಅವರೇ.

ಬಾಯಿ ಹೊರಡುವಾಗ ಕೇಳಿದರು, “ನೀವು ತುಂಬಾ ಸಲ ಹೋಗಿರ್ಬೇಕಲ್ಲ?”

“ತುಂಬಾ ಸಲ” ಅಂದೆ. ಸಫಾರಿಗೆ ಹೊರಟ ಮ್ಯಾನೇಜರರ ನೆಂಟರನ್ನು ಬಿಡಲು ಏರ್‌ಪೋರ್ಟ್ ತನಕ ಹೋದದ್ದಂತೂ ನಿಜ.

ಮೊಸಳೆ ಉಂಟು

ಈ ವರ್ಷ ಕೀನ್ಯಾದ ಸಫಾರಿ ಕಂಪನಿಯವರೇ ಪತ್ರ ಕಳಿಸಿದರು. ಅತಿ ಹೆಚ್ಚು ಸಫಾರಿ ಮಾರಿದವನಿಗೆ ಒಂದು ಸೀಟು ಪುಕ್ಕಟೆ. ಮಾರಿದವನು ನಾನೇ. ಅಬ್ಬಾಸಿಯಾದ ನಮ್ಮ ಫ್ಲ್ಯಾಟಿನಲ್ಲಿ ಮಗಳು ಕುಣಿದದ್ದೇ ಕುಣಿದದ್ದು. ಮರುದಿನ ಶಾಲೆಯಿಂದ ಬಂದವಳೇ “ಡ್ಯಾಡಿ, ಐ ಟೋಲ್ಡ್ ದ ಹೋಲ್ ಕ್ಲಾಸ್!” ಅಂದಳು.

ಆದರೆ ಕುವೈತ್ ಬಿಟ್ಟು ಹೊರಡಲು ಈಗ ಕಂಪನಿಯ ಒಪ್ಪಿಗೆ ಬೇಕು. ಅರ್ಜಿ ಹಾಕುವುದು ನನ್ನ ಮೊಬೈಲಿನಲ್ಲಿ, ಒಪ್ಪಿಗೆ ಒತ್ತುವ ಬೆರಳು ಮ್ಯಾನೇಜರರದ್ದು. ವಾರ ಕಳೆದರೂ ಬೆರಳು ಅಲುಗಲಿಲ್ಲ. ಆ ಹೊತ್ತಿಗೇ ಒಬ್ಬ ಗಿರಾಕಿಗೆ ವಿವರಿಸುತ್ತಿದ್ದೆ, ವೈಲ್ಡ್‌ಬೀಸ್ಟ್‌ಗಳ ಹಿಂಡು ಹೊಳೆಗೆ ಹಾರಿ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೇಗೆ ಹೋಗುತ್ತದೆ ಎಂದು.

“ಅವಕ್ಕೆ ಪರ್ಮಿಟ್ ಬೇಡ್ವಾ?” ಗಿರಾಕಿ ನಕ್ಕರು.

“ಹೊಳೆಯಲ್ಲಿ ಮೊಸಳೆ ಉಂಟು ಸರ್. ಮ್ಯಾನೇಜರ್ ಇಲ್ಲ.”

ಹಿಂದೆಯೇ ಮ್ಯಾನೇಜರ್ ನಿಂತಿದ್ದರು. ಗಿರಾಕಿ ಹೋದ ಮೇಲೆ ಹೇಳಿದರು, “ಸೀಸನಲ್ಲಿ ನೀನು ಹೋದ್ರೆ ಮಾರುವವರು ಯಾರು ಮಾರಾಯ? ನೀನು ಇಷ್ಟು ಮಾರದಿದ್ದಿದ್ರೆ ಬಿಡಬಹುದಿತ್ತು.”

ಸೀಟು ಅದೇ ಆಫೀಸಿನಲ್ಲಿದ್ದ ಅವರ ಬಾಮೈದನಿಗೆ ಹೋಯಿತು. ಅವನ ಒಪ್ಪಿಗೆ ಚಹಾ ಆರುವ ಮೊದಲೇ ಬಂತು. ಕ್ಲಾಸಿನಲ್ಲಿ ನನ್ನ ಮಗಳಿಗೆ ಸುಳ್ಳಿ ಎಂದು ಹೆಸರು ಬಿತ್ತು. ಇದಕ್ಕೆ ನನಗೆ ನಗು ಬರಲಿಲ್ಲ, ಈಗಲೂ ಬರುವುದಿಲ್ಲ.

ಕಂಡವರು

ಬಾಮೈದನಿಗೆ ಅಲ್ಲಿ ಇಳಿದ ದಿನವೇ ಹೊಟ್ಟೆ ಕೆಟ್ಟಿತು. ನಾಲ್ಕು ದಿನವೂ ಲಾಡ್ಜಿನ ಕೋಣೆಯಲ್ಲೇ ಮಲಗಿ, ಕಿಟಕಿಯಿಂದ ಒಂದು ಮಂಗವನ್ನು ನೋಡಿ ವಾಪಸ್ಸು ಬಂದ. ಇತ್ತ ಮ್ಯಾನೇಜರ್ ಬೋರ್ಡ್ ಬರೆಸಿಯಾಗಿತ್ತು: ‘ಕಣ್ಣಾರೆ ಕಂಡವರಿಂದಲೇ ಸಫಾರಿ ಮಾಹಿತಿ’.

“ಅವನು ಏನೇನು ಕಂಡ ಅಂತ ಸ್ವಲ್ಪ ಹೇಳಿಕೊಡು” ಅಂದರು ನನಗೆ.

ಹೇಳಿಕೊಟ್ಟೆ. “ಬೆಳಿಗ್ಗೆ ಸಿಂಹ ಕಂಡ್ರಿ. ಹುಲ್ಲಲ್ಲಿ ಮಲಗಿತ್ತು, ಕಿವಿ ಮಾತ್ರ ಅಲ್ಲಾಡ್ತಿತ್ತು.”

ಅವನು ಬರೆದುಕೊಂಡ. “ನಾನು ಹೆದರಿದೆನಾ?”

“ಸ್ವಲ್ಪ ಹೆದರಿದ್ರಿ.”

ಮೊದಲ ಗಿರಾಕಿಯಾಗಿ ಬಂದವರು ನನ್ನ ಮಗಳ ಕ್ಲಾಸಿನ ಹುಡುಗಿಯ ತಂದೆ. ಬಾಮೈದ ಸಿಂಹ ಮುಗಿಸಿದ, ಆನೆ ಮುಗಿಸಿದ, ಘೇಂಡಾಮೃಗಕ್ಕೆ ಬಂದಾಗ ಮರೆತುಹೋಯಿತು. ನನ್ನ ಮುಖ ನೋಡಿದ. ಅದು ಕೆಸರಿನಲ್ಲಿ ಹೊರಳಿ ಎದ್ದದ್ದು, ಬೆನ್ನ ಮೇಲಿದ್ದ ಹಕ್ಕಿ, ಜೀಪಿನ ಕಡೆ ತಿರುಗಿ ನಿಂತದ್ದು, ಎಲ್ಲವನ್ನೂ ನಾನೇ ಹೇಳಿದೆ. ಹೇಳುತ್ತಾ ಹೇಳುತ್ತಾ ಕಣ್ಣು ತೇವವಾಯಿತು.

ಆ ತಂದೆ ನನ್ನನ್ನೂ ಬಾಮೈದನನ್ನೂ ಬೋರ್ಡನ್ನೂ ನೋಡಿದರು. “ಹಾಗಾದ್ರೆ ನಿಮ್ಮ ಮಗಳು ಹೇಳಿದ್ದು ಸುಳ್ಳಲ್ಲ. ನೀವಿಬ್ರೂ ಒಟ್ಟಿಗೆ ಹೋಗಿದ್ರಾ?”

ಮ್ಯಾನೇಜರ್ ಕ್ಯಾಬಿನ್ ಬಾಗಿಲಿಗೆ ಬಂದು ನಿಂತರು.

“ಇಲ್ಲ ಸರ್” ಅಂದೆ. “ಹೋದದ್ದು ಇವರು. ಕಂಡದ್ದು ನಾನು.”