ತಾರವ್ವನ ರೊಟ್ಟಿಗೆ ಸನ್ಮಾನ

ಜಮಖಂಡಿಯ ಸಮಗ್ರ ಸಮತಾ ಹೋರಾಟ ಸಮಿತಿಯಲ್ಲಿ ಜಾತಿಭೇದ ಇಲ್ಲ. ಈ ಸಂಬಂಧ ಸರ್ವಾನುಮತದ ಠರಾವು ಪಾಸಾಗಿದ್ದು, ಅದಕ್ಕೆ ಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಲಾಗಿದೆ. ಆಮೇಲೆ ಈ ವಿಷಯ ಮತ್ತೆ ಎತ್ತುವ ಅಗತ್ಯ ಯಾರಿಗೂ ಕಂಡುಬಂದಿಲ್ಲ.

ಠರಾವನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದವನು ದಶರಥ, ಹೈಸ್ಕೂಲಿನ ಗಣಿತದ ಮಾಸ್ತರ. ಸಮಿತಿಯಲ್ಲಿ ಅವನಿಗೆ ‘ಅನುಭವ ನಿರೂಪಕ’ ಎಂಬ ಹುದ್ದೆ, ಅವನಿಗಾಗಿಯೇ ಹುಟ್ಟಿಸಿದ್ದು. ಪ್ರತಿ ಸಭೆಯಲ್ಲಿ ಅವನು ತನ್ನ ಕೇರಿಯವರು ಹಿಂದೆ ಉಂಡ ಅವಮಾನಗಳನ್ನು ಹತ್ತು ನಿಮಿಷ ಹೇಳಬೇಕು, ಉಳಿದವರು ಕಣ್ಣೊರೆಸಿಕೊಳ್ಳಬೇಕು, ಆಮೇಲೆ ಅಧ್ಯಕ್ಷ ಶಿದ್ರಾಮಪ್ಪನವರು ಮಾತಾಡಬೇಕು. ಈಚಿನ ಅವಮಾನಗಳನ್ನು ಹೇಳುವಂತಿಲ್ಲ ಎಂದು ನಿಯಮ ನಾಲ್ಕರಲ್ಲಿ ಇತ್ತು. ಅವು ಇನ್ನೂ ಪರಿಶೀಲನೆಯಲ್ಲಿರುತ್ತವೆ.

ಹೀಗಿರುವಾಗ ಸಮಿತಿಯವರು ಸಹಭೋಜನ ಇಟ್ಟುಕೊಂಡರು. ಐದು ಜಾತಿಯ ಐದು ಮನೆಗಳಿಂದ ತಲಾ ಐವತ್ತು ಖಡಕ್ ರೊಟ್ಟಿ ಬರಬೇಕು, ಎಲ್ಲರೂ ಎಲ್ಲರ ಮನೆಯದನ್ನು ತಿನ್ನಬೇಕು. ದಶರಥನ ತಾಯಿ ತಾರವ್ವ ಎರಡು ದಿನ ಒಲೆ ಮುಂದೆ ಕೂತು, ಎಳ್ಳು ಹಚ್ಚಿ, ಹಪ್ಪಳದಷ್ಟು ತೆಳ್ಳಗೆ ಬಡಿದಳು. ಶಿದ್ರಾಮಪ್ಪನವರ ಹೊಲದ ಜೋಳ ನಲವತ್ತು ವರ್ಷ ಕೊಯ್ದ ಕೈ ಅದು. ಆ ಕೈಯ ರೊಟ್ಟಿಯನ್ನು ಆ ಮನೆಯವರು ಒಮ್ಮೆಯೂ ಬಾಯಿಗಿಟ್ಟಿರಲಿಲ್ಲ.

“ಭಾಷಣ ನೀವ ಮಾಡ್ಕೋರಿ,” ಅಂದಳು ಮಗನಿಗೆ. “ಒಬ್ಬರರ ತಿಂದು, ಉಪ್ಪು ಹೆಂಗಿತ್ತಂತ ಹೇಳಿದ್ರ, ಅಷ್ಟ ಕೇಳ್ಕೊಂಡು ಬಾ.”

ಪಂಕ್ತಿ ಕೂತಿತು. ನಾಲ್ಕು ಗಂಟಿನ ರೊಟ್ಟಿ ಬದನೆಕಾಯಿ ಪಲ್ಯದ ಜತೆ ಖಾಲಿಯಾದವು. ದಶರಥ ತನ್ನ ತಾಯಿಯ ಐದನೆಯ ಗಂಟು ಬಿಚ್ಚುವುದಕ್ಕೂ ಎಲ್ಲರ ಹೊಟ್ಟೆ ತುಂಬುವುದಕ್ಕೂ ಸರಿಹೋಯಿತು. ಖಜಾಂಚಿ ಚನಮಲ್ಲಪ್ಪನವರ ಹಲ್ಲು ನೋಯತೊಡಗಿತು. ಸಂಚಾಲಕಿ ರಾಜಶ್ರೀಗೆ, ಅಷ್ಟರಲ್ಲಿ ಮೂರು ರೊಟ್ಟಿ ತಿಂದಿದ್ದರೂ, ಸೋಮವಾರದ ಉಪವಾಸ ನೆನಪಾಯಿತು. ದಶರಥನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ನಾಚಬೇಕಾದವರು ಆರಾಮಾಗಿ ಮಜ್ಜಿಗೆ ಕುಡಿಯುತ್ತಿದ್ದರು.

ಶಿದ್ರಾಮಪ್ಪನವರು ಮೂವತ್ತು ವರ್ಷ ಹೋರಾಟ ಮಾಡಿದವರು, ಇಂಥದಕ್ಕೆಲ್ಲ ತಬ್ಬಿಬ್ಬಾಗುವವರಲ್ಲ. ಎದ್ದು ನಿಂತು, ದಶರಥನ ಕೈಯಿಂದಲೇ ಒಂದು ರೊಟ್ಟಿ ಮೇಲೆತ್ತಿಸಿದರು.

“ಇದು ಬರೇ ರೊಟ್ಟಿ ಅಲ್ಲಪಾ ದಶರಥ, ಇದು ಇತಿಹಾಸ. ಇತಿಹಾಸಾನ ಪಲ್ಯಾದಾಗ ಅದ್ದಿಕೊಂಡು ತಿನ್ನಾಕ ಬರ್ತೈತೇನು?”

ಬರುವುದಿಲ್ಲ ಎಂದು ಸಭೆ ಕೈ ಎತ್ತಿ ತೀರ್ಮಾನಿಸಿತು. ರೊಟ್ಟಿ ಹಿಡಿದಿದ್ದ ದಶರಥನ ಕೈ ಮೇಲೆಯೇ ಇದ್ದುದರಿಂದ ಅದನ್ನೂ ಎಣಿಸಿ ಸರ್ವಾನುಮತ ಎಂದು ಬರೆದುಕೊಂಡರು.

ಮರುದಿನ ಪ್ರಕಟಣೆ ಹೊರಬಿತ್ತು: “ಸಮತೆಯ ರೊಟ್ಟಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇರಿಸಲಾಗುವುದು. ಅವನ್ನು ತಿನ್ನುವುದು ಶ್ರೀಮತಿ ತಾರವ್ವನವರ ಶ್ರಮಕ್ಕೆ ಬಗೆದ ಅಪಚಾರ. ದರ್ಶನಕ್ಕೆ ಸರ್ವ ಜಾತಿಯವರಿಗೂ ಮುಕ್ತ ಅವಕಾಶ. ಪೆಟ್ಟಿಗೆ ಎತ್ತುವ, ಇಳಿಸುವ, ತೆರೆಯುವ ಗೌರವ ಅನುಭವ ನಿರೂಪಕರಿಗೆ ಮಾತ್ರ.”

ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲವಾದ್ದರಿಂದ ಹೋರಾಟಕ್ಕೆ ಒಳ್ಳೆಯ ಅನುಕೂಲವಾಯಿತು; ಪೆಟ್ಟಿಗೆ ಊರೂರು ಸುತ್ತತೊಡಗಿತು. ಮುಧೋಳದಲ್ಲಿ ಪೆಟ್ಟಿಗೆಗೆ ಶಾಲು ಹೊದಿಸಿದರು. ಬೀಳಗಿಯಲ್ಲಿ ಜನ ಸಾಲುಗಟ್ಟಿ ಕೈಮುಗಿದರು. ಬನಹಟ್ಟಿಯಲ್ಲಿ ಅದರ ಅಡಿಗೆ ಹೊಸ ಸೀರೆ ಹಾಸಿದರು. ಎಲ್ಲ ಕಡೆ ಪೆಟ್ಟಿಗೆ ಹೊತ್ತು ದಶರಥನ ಹೆಗಲು ಬಾತುಕೊಂಡಿತು. ಮನೆಗೆ ಬಂದರೆ ತಾಯಿಯ ಪ್ರಶ್ನೆ ಒಂದೇ.

“ತಿಂದ್ರೇನಪಾ?”

“ಸನ್ಮಾನ ಮಾಡಿದ್ರಬೇ.”

“ತಿಂದ್ರೇನ ಅಂತ ಕೇಳಿದೆ.”

ಅವನು ಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗುತ್ತಿದ್ದ.

ಮೂರನೆಯ ತಿಂಗಳು ಒಂದು ಇಲಿ ಪೆಟ್ಟಿಗೆಯ ಕಟ್ಟಿಗೆಯ ತಳ ಕೊರೆದು ಹನ್ನೊಂದು ರೊಟ್ಟಿ ತಿಂದಿತು. ಸಮಿತಿ ತುರ್ತುಸಭೆ ಸೇರಿ ಇಲಿಯನ್ನು ಖಂಡಿಸಿತು. ಅದು ಎಲ್ಲಿಂದ ಬಂತೆಂದು ತನಿಖೆ ಮಾಡಲು ಉಪಸಮಿತಿ ನೇಮಕವಾಯಿತು. ಕಚೇರಿಗೆ ಹೊಂದಿಕೊಂಡ ಶಿದ್ರಾಮಪ್ಪನವರ ಜೋಳದ ಗೋದಾಮಿನಿಂದ ಬಂತೆಂದು ಗೊತ್ತಾದ ಕೂಡಲೇ ಉಪಸಮಿತಿಯನ್ನು ವಿಸರ್ಜಿಸಲಾಯಿತು. ಅಂಥ ರೊಟ್ಟಿ ತಿಂದ ಇಲಿ ಇನ್ನು ತಮ್ಮ ಜೋಳಕ್ಕೆ ಬಾಯಿ ಹಾಕುವುದು ಬೇಡವೆಂದು ಶಿದ್ರಾಮಪ್ಪನವರು ಅಂದೇ ಗೋದಾಮಿನ ಕಡೆಯ ಬಿಲಕ್ಕೆ ಸಿಮೆಂಟು ಹಾಕಿಸಿದರು. ಇಲಿ ಕಚೇರಿಯಲ್ಲೇ ಉಳಿಯಿತು. ಹೊಸದಾಗಿ ಐವತ್ತು ರೊಟ್ಟಿ ಕಳಿಸಬೇಕೆಂದು ತಾರವ್ವನಿಗೆ ಗೌರವಪೂರ್ವಕ ಪತ್ರ ಹೋಯಿತು. ಬರೆದವನು ದಶರಥನೇ.

ತಾರವ್ವ ಪತ್ರ ಓದಿಸಿಕೊಂಡು ಕೇಳಿದಳು: “ಇಲಿ ಎಷ್ಟ ತಿಂತಂದಿ?”

“ಹನ್ನೊಂದ.”

“ಹಂಗಾರ ಉಪ್ಪು ಸಮ ಇತ್ತು,” ಅಂದಳು. ಮೂರು ತಿಂಗಳಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

ಹೊಸ ಐವತ್ತರ ಜತೆ ಬೆಣ್ಣೆ ಸವರಿದ ಮೆತ್ತನೆಯ ಒಂದು ರೊಟ್ಟಿಯನ್ನು ಬೇರೆ ಕಟ್ಟಿಕೊಟ್ಟಳು. ಯಾರಿಗೆಂದು ದಶರಥ ಕೇಳಲಿಲ್ಲ. ಪೆಟ್ಟಿಗೆ ತೆರೆಯುವ ಗೌರವ ಅವನೊಬ್ಬನದೇ ಆದ್ದರಿಂದ, ತಳದ ತೂತಿನ ಪಕ್ಕದಲ್ಲಿ ಅದನ್ನಿಟ್ಟು ಮುಚ್ಚಿದ. ಆ ತಿಂಗಳ ವರದಿಯಲ್ಲಿ, “ಸಹಭೋಜನ ನಿರಂತರವಾಗಿ ನಡೆದಿದೆ” ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದ. ಎಲ್ಲರೂ ಸಹಿ ಮಾಡಿದರು.